ಹತ್ತು ದೇಶ ಒಪ್ಪಿದ ನಡುಗಡ್ಡೆ

ಕಳೆದ ತಿಂಗಳು ಕಂಪನಿಯ ಕೆಲಸಕ್ಕೆಂದು ಇಲ್ಲಿ ಮಲೇಷ್ಯಾದಲ್ಲಿ, ಪುತ್ರಜಯಾದ ಒಂದು ತರಬೇತಿ ಕೇಂದ್ರಕ್ಕೆ ಹೋಗಿದ್ದೆ. ಎರಡನೇ ಮಹಡಿಯಲ್ಲಿ ನಕ್ಷೆ ಮುದ್ರಿಸುವ ದೊಡ್ಡ ಯಂತ್ರ ಆಗಷ್ಟೇ ಓಡಿ ನಿಂತಿತ್ತು. ಬಿಸಿ ಹಾಳೆ, ಹಸಿ ಶಾಯಿ, ಅದರ ಜೊತೆಗೆ ಯಾರೋ ಕೈಗೆ ಹಚ್ಚಿಕೊಂಡ ಸ್ಯಾನಿಟೈಸರಿನ ವಾಸನೆ. ಈ ಮೂರೂ ಒಟ್ಟಿಗೆ ಮೂಗಿಗೆ ಬಡಿದಾಗ ಕೊರೋನಾದ ಎರಡನೇ ವರ್ಷ ಇಡಿಯಾಗಿ ಎದುರಿಗೆ ಬಂದು ನಿಂತಿತು. ಆ ವರ್ಷ ನಮ್ಮ ಮನೆಯ ಊಟದ ಮೇಜಿನ ತುದಿಯಲ್ಲಿ ಇದೇ ವಾಸನೆ ಇತ್ತು. ಕಂಪನಿಯವರು ಇದರ ಸಣ್ಣ ತಮ್ಮನಂಥ ಒಂದು ಯಂತ್ರವನ್ನು ನನ್ನ ಮನೆಗೇ ತಂದಿಟ್ಟು ಹೋಗಿದ್ದರು.

ನಕ್ಷೆ ಬರೆಯುವುದು ನನ್ನ ಕಸುಬು. ಸೈಬರ್‌ಜಯಾದ ಒಂದು ಸಣ್ಣ ಕಂಪನಿಯಲ್ಲಿ ಕೆಲಸ. ಹುಟ್ಟಿದ್ದು ಮಾತ್ರ ರಾಯಚೂರು ಜಿಲ್ಲೆಯಲ್ಲಿ, ಕೃಷ್ಣಾ ನದಿಯ ಒಂದು ನಡುಗಡ್ಡೆಯಲ್ಲಿ. ಸುತ್ತ ನೀರು, ನಡುವೆ ಎಪ್ಪತ್ತು ಎಂಬತ್ತು ಮನೆ. ಸೇತುವೆ ಇಲ್ಲ. ಹರಿಗೋಲಿನಲ್ಲಿ ಕೂತು ಆಚೆ ದಡಕ್ಕೆ ಹೋಗಿ ಶಾಲೆ ಕಲಿತವಳು ನಾನು. ನನ್ನ ಅಕ್ಕ ನೀಲಮ್ಮ ನಮ್ಮ ಸೋದರಮಾವನ ಮಗ ಹನುಮಂತ ಮಾವನನ್ನೇ ಮದುವೆಯಾಗಿ ಅಲ್ಲೇ ಉಳಿದಳು. ನಡುಗಡ್ಡೆಗೆಲ್ಲ ಅವಳೊಬ್ಬಳೇ ಆಶಾ ಕಾರ್ಯಕರ್ತೆ. ಬಸುರಿಯರ ಲೆಕ್ಕ, ಕೂಸುಗಳ ತೂಕ, ಜ್ವರದವರ ಪಟ್ಟಿ ಎಲ್ಲ ಅವಳ ಚೀಲದಲ್ಲಿ.

ಆ ವರ್ಷದ ಮೊದಲಲ್ಲಿ ನಮ್ಮ ಕಂಪನಿಗೆ ಒಂದು ವಿಚಿತ್ರ ಕೆಲಸ ಬಂತು. ಆಗ್ನೇಯ ಏಷ್ಯಾದ ಹತ್ತು ದೇಶಗಳ ಒಕ್ಕೂಟದಲ್ಲಿ ಸೇನೆಗಳ ವೈದ್ಯರೆಲ್ಲ ಸೇರಿ ಒಂದು ತಾಲೀಮು ನಡೆಸಬೇಕಿತ್ತು. ಬಂದೂಕಿನ ತಾಲೀಮಲ್ಲ. ಒಂದು ದೇಶದಲ್ಲಿ ರೋಗ ಹಬ್ಬಿದೆ, ಅದರ ಮೇಲೆ ಪ್ರವಾಹವೂ ಬಂದಿದೆ ಎಂದುಕೊಂಡು, ಉಳಿದ ದೇಶಗಳ ಸೇನೆಗಳು ಯಾರು ಏನು ತರಬೇಕು, ಎಲ್ಲಿ ಇಳಿಯಬೇಕು, ಯಾರ ಮಾತು ಕೇಳಬೇಕು ಎಂದು ನಕ್ಷೆಯ ಮುಂದೆ ಕೂತು ಆಡಿ ನೋಡುವುದು. ಎಲ್ಲರೂ ಒಂದೇ ಮೇಜಿಗೆ ಬರುವ ಕಾಲವಲ್ಲವಾದ್ದರಿಂದ ತಾಲೀಮೂ ಕಂಪ್ಯೂಟರಿನ ಪರದೆಯ ಮೇಲೆಯೇ. ಅದಕ್ಕೊಂದು ದೇಶ ಬೇಕಿತ್ತು, ಎಲ್ಲೂ ಇಲ್ಲದ ದೇಶ. ಆ ದೇಶವನ್ನು ಬರೆಯುವ ಭಾಗ್ಯ ನನ್ನ ಪಾಲಿಗೆ ಬಂತು.

ಸುಲಭದ ಕೆಲಸ ಎಂದುಕೊಂಡೆ. ಇಲ್ಲದ ದೇಶವನ್ನು ಹೇಗೆ ಬರೆದರೇನು, ತಪ್ಪು ಎನ್ನಲು ಯಾರಿದ್ದಾರೆ? ಹತ್ತು ದೇಶಗಳಿದ್ದವು. ಮೊದಲ ನಕ್ಷೆ ಕಳಿಸಿದಾಗ ಒಬ್ಬರು ಬಹಳ ವಿನಯದಿಂದ, ಈ ಕೊಲ್ಲಿ ನಮ್ಮ ಕೊಲ್ಲಿಯಂತೆ ಕಾಣುತ್ತದೆ, ಪ್ರವಾಹ ಬಂದಿರುವುದು ನಮ್ಮಲ್ಲೇ ಎಂದು ಜನ ತಿಳಿದಾರು ಎಂದರು. ಎರಡನೆಯದರಲ್ಲಿ ಉತ್ತರದ ಮೂಲೆಯ ನಾಲ್ಕು ಬಂಡೆಗಳು ಬೇರೆ ಇಬ್ಬರ ನಡುವೆ ಜಗಳ ಇರುವ ನಾಲ್ಕು ಬಂಡೆಗಳ ಹಾಗೆ ಇದ್ದುವಂತೆ. ಮೂರನೆಯದು ಯಾರದೋ ಹಳೆಯ ಗಡಿಯನ್ನು ನೆನಪಿಗೆ ತಂದಿತು. ಊರುಗಳಿಗೆ ಹೆಸರಿಡುವ ಹಾಗೂ ಇರಲಿಲ್ಲ, ಹೆಸರು ಯಾವುದಾದರೊಂದು ಭಾಷೆಯದಾಗಿಬಿಡುತ್ತದೆ. ಊರು ಒಂದು, ಊರು ಎರಡು ಎಂದು ಅಂಕಿ ಹಾಕಿದೆವು. ಐದನೇ ನಕ್ಷೆಯೂ ವಾಪಸು ಬಂದಾಗ ನನಗೆ ತಲೆ ಚಿಟ್ಟು ಹಿಡಿಯಿತು.

ಈ ತಾಲೀಮಿನ ಕಥೆ ಹೆಣೆಯುತ್ತಿದ್ದವರು ಕರ್ನಲ್ ಹಲೀಮಾ. ಮಲೇಷ್ಯಾದ ಸೇನೆಯಲ್ಲಿ ವೈದ್ಯೆಯಾಗಿದ್ದು ನಿವೃತ್ತರಾದವರು. ಅರವತ್ತರ ಹತ್ತಿರದ ಹೆಂಗಸು, ತಲೆಗೆ ಬೂದು ಬಣ್ಣದ ವಸ್ತ್ರ, ಮುಂದೆ ಯಾವಾಗಲೂ ಒಂದು ಲೋಟ ಸಕ್ಕರೆ ಇಲ್ಲದ ಕಪ್ಪು ಕಾಫಿ. ಅವರ ಮನೆ ಪುತ್ರಜಯಾದ ಅಂಚಿನಲ್ಲಿ, ನಮ್ಮ ಫ್ಲಾಟಿನಿಂದ ಕಾರಿನಲ್ಲಿ ಇಪ್ಪತ್ತು ನಿಮಿಷ. ಆದರೂ ನಾವಿಬ್ಬರೂ ಮುಖಾಮುಖಿ ಕಂಡಿರಲಿಲ್ಲ. ರಸ್ತೆಗೆ ರಸ್ತೆಗೆ ಪೊಲೀಸರ ತಡೆ ಇದ್ದ ದಿನಗಳವು. ಪೆನಾಂಗಿನ ಕಾರ್ಖಾನೆಯಲ್ಲಿದ್ದ ನನ್ನ ಗಂಡ ರಾಜ್ಯ ದಾಟಲಾಗದೆ ಅಲ್ಲೇ ಉಳಿದಿದ್ದ. ಮನೆಯಲ್ಲಿ ನಾನು ಮತ್ತು ಒಂಬತ್ತು ವರ್ಷದ ಮಗಳು ಪ್ರೀತಿ ಮಾತ್ರ.

ಕರ್ನಲ್ ಆಡುತ್ತಿದ್ದದ್ದು ಇಂಗ್ಲಿಷು. ಇಲ್ಲಿ ನನ್ನ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಆದರೆ ಮಲೇಷ್ಯಾದವರೆಲ್ಲರ ಹಾಗೆ ಮಾತಿನ ಕೊನೆಗೆ ಅವರು ಸೇರಿಸುತ್ತಿದ್ದ 'ಲಾ' ತೆಗೆದುಬಿಟ್ಟರೆ ಅದು ಅವರ ಮಾತೇ ಅಲ್ಲ.

"ಕರ್ನಲ್, ಇವರಿಗೆ ಬೇಡ ಅಂದ್ರೆ ಬೇಡ ಅಂತ ನೇರವಾಗಿ ಹೇಳ್ಬಾರ್ದಾ?" ಎಂದು ಕೇಳಿದೆ.

"ನಮ್ಮ ಒಕ್ಕೂಟದಲ್ಲಿ ಯಾರೂ ಬೇಡ ಅನ್ನಲ್ಲ ಲಾ. 'ಇನ್ನೂ ಸ್ವಲ್ಪ ಯೋಚಿಸೋಣ' ಅಂದ್ರೆ ಬೇಡ ಅಂತ. ಏನೂ ಹೇಳದೆ ಸುಮ್ನಿದ್ರೆ ಹೂಂ ಅಂತ. ಹತ್ತು ಜನ ಸುಮ್ನಾಗೋ ನಕ್ಷೆ ಬರಿ, ಸಾಕು."

ಅವರ ಪದ್ಧತಿಯೇ ಹಾಗೆ. ಕೈ ಎತ್ತಿ ಮತ ಹಾಕುವುದಿಲ್ಲ. ಕರಡನ್ನು ಹತ್ತು ದೇಶಗಳಿಗೂ ಕಳಿಸಿ ಇಂಥ ದಿನ ಇಷ್ಟು ಗಂಟೆ ಎಂದು ಗಡುವು ಕೊಡುತ್ತಾರೆ. ಅಷ್ಟರೊಳಗೆ ಯಾರೂ ತಕರಾರು ಎತ್ತದಿದ್ದರೆ ಎಲ್ಲರೂ ಒಪ್ಪಿದಂತೆ. ಒಬ್ಬರು ಬರೆದರೂ ಕೆಲಸ ಮತ್ತೆ ಮೊದಲಿನಿಂದ. ನಮ್ಮ ಕಡೆಯ ಪಂಚಾಯಿತಿ ಕಟ್ಟೆಯಲ್ಲಿ ಗಂಟಲು ಹರಿಯುವ ಹಾಗೆ ಕೂಗಿ ತೀರ್ಮಾನ ಮಾಡುವುದನ್ನು ನೋಡಿ ಬೆಳೆದ ನನಗೆ ಇದು ಮೊದಮೊದಲು ನಗು ತರಿಸುತ್ತಿತ್ತು.

ಒಂದು ಭಾನುವಾರ ಮಧ್ಯಾಹ್ನ ಬ್ರಿಕ್‌ಫೀಲ್ಡ್ಸಿನ ಅಂಗಡಿಯಿಂದ ತರಿಸಿದ್ದ ಸೋಳಮಾವಿನಲ್ಲಿ ರೊಟ್ಟಿ ಬಡಿದು, ಊಟ ಮುಗಿಸಿ ಅಕ್ಕನಿಗೆ ಫೋನು ಹಚ್ಚಿದ್ದೆ. ತಮಿಳರ ಆ ಅಂಗಡಿಯಲ್ಲಿ ಜೋಳದ ಹಿಟ್ಟು ಎಂದರೆ ಸಿಗುವುದಿಲ್ಲ, ಸೋಳಮಾವು ಎಂದರೆ ಸಿಗುತ್ತದೆ. ಅಕ್ಕ ಊರ ಸುದ್ದಿ ಹೇಳುತ್ತಲೇ ಇದ್ದಳು. ನನ್ನ ಕೈಯಲ್ಲಿ ಪೆನ್ಸಿಲು. ಮಾತು ಮುಗಿದಾಗ ಹಾಳೆಯ ಮೇಲೆ ನಮ್ಮ ನಡುಗಡ್ಡೆ ಇತ್ತು. ಅವ್ವ ಮಾಡುತ್ತಿದ್ದ ಕರ್ಚಿಕಾಯಿಯ ಹಾಗೆ ಒಂದು ಬದಿ ನೆಟ್ಟಗೆ, ಒಂದು ಬದಿ ಉಬ್ಬು. ಮೂಡಣದ ಕಡೆ ನೀರು ಕೊರೆದು ಚೂಪಾದ ಬಾಲ. ಹನುಮಪ್ಪನ ಗುಡಿಯ ದಿನ್ನೆ, ಅಲ್ಲಿಂದ ಹೊಳೆಯ ಘಾಟಿಗೆ ಇಳಿಯುವ ಕಾಲುದಾರಿ, ಘಾಟಿನಲ್ಲಿ ಒಂದು ದುಂಡು. ಅದು ಹರಿಗೋಲು. ಚಿಕ್ಕಂದಿನಲ್ಲಿ ಊರಿನ ಚಿತ್ರ ಬರಿ ಎಂದರೆ ನಾನು ಮೊದಲು ಬರೆಯುತ್ತಿದ್ದದ್ದೇ ಆ ದುಂಡು.

ಹಾಳೆಯನ್ನು ನೋಡುತ್ತ ಕೂತೆ. ಈ ಹತ್ತು ದೇಶಗಳಲ್ಲಿ ಯಾರಿಗೂ ಬೇಡದ, ಯಾರ ಜಗಳಕ್ಕೂ ಸೇರದ ದಂಡೆ ಎಂದರೆ ಇದೇ ಅಲ್ಲವೇ? ಬಂದದ್ದು ಬರಲಿ ಎಂದು ಅದನ್ನೇ ಹಿಗ್ಗಿಸಿದೆ. ಒಂದು ಫರ್ಲಾಂಗಿಗೆ ಐವತ್ತು ಕಿಲೋಮೀಟರು. ಕೃಷ್ಣೆಯನ್ನು ಅಳಿಸಿ ಸಮುದ್ರ ತುಂಬಿದೆ. ಗುಡಿಯ ದಿನ್ನೆ ಪರ್ವತವಾಯಿತು, ನಮ್ಮ ಓಣಿ ರಾಜಧಾನಿಯಾಯಿತು. ಆಚೆಗೊಂದು ದಡವನ್ನೂ ಬರೆದು, ನಡುವೆ ಸೇತುವೆ ಎಳೆದೆ. ಊರಿನ ಮಂದಿ ಅರ್ಜಿ ಕೊಟ್ಟು ಕೊಟ್ಟು ಸೋತ ಸೇತುವೆ ಅದು. ಅಂತೂ ನಾನೊಬ್ಬಳು ಕಟ್ಟಿದೆ.

ಗಡುವಿನ ದಿನ ಸಂಜೆ ಐದಾಯಿತು. ಯಾರೂ ಬರೆಯಲಿಲ್ಲ. ಕರ್ನಲ್ ನನಗೆ ಎರಡೇ ಪದ ಕಳಿಸಿದರು, 'ಒಪ್ಪಿದರು ಲಾ'. ನಮ್ಮ ನಡುಗಡ್ಡೆಯನ್ನು ಹತ್ತು ದೇಶಗಳ ಸೇನೆಗಳು ಒಪ್ಪಿಕೊಂಡವು. ಮಗಳು ಮಾತ್ರ ಪರದೆಯ ಹಿಂದೆ ಬಂದು ನಿಂತು, "ಮಾ, ದಟ್ಸ್ ದೊಡ್ಡವ್ವಾಸ್ ಐಲ್ಯಾಂಡ್, ರೈಟ್?" ಎಂದಳು. ಬಾಯಿ ಮುಚ್ಚಿಕೊಂಡು ಹೋಂವರ್ಕ್ ಮಾಡು ಎಂದು ಗದರಿಸಿದೆ. ನಕ್ಷೆ ಯಾವ ನಿಜವಾದ ಜಾಗದ್ದೂ ಆಗಿರಬಾರದು ಎಂಬುದು ಒಪ್ಪಂದದ ಮೊದಲ ಸಾಲಾಗಿತ್ತು. ಅದಕ್ಕೆ ನಾನೇ ಸಹಿ ಹಾಕಿದ್ದೆ.

ಏಪ್ರಿಲಿನಿಂದ ಪೂರ್ವಾಭ್ಯಾಸ ಶುರುವಾಯಿತು. ಕಥೆಯ ಮೊದಲ ಗಂಟೆಯಲ್ಲೇ ಪ್ರವಾಹ ಬಂದು ನನ್ನ ಸೇತುವೆಯನ್ನು ಒಯ್ದಿತು. ಅಕ್ಕನಿಗೆ ಫೋನಿನಲ್ಲಿ ಹೇಳಿದೆ.

"ಕಟ್ಟೂಕಿಂತ ಮೊದ್ಲ ಕೆಡವಿದ್ರೇನು? ನಿಮ್ಮ ಮಿಲಿಟ್ರಿಯವ್ರು ನಮ್ಮ ಇಂಜಿನೇರಗಿಂತ ಚುರುಕ ಅದಾರ ಬಿಡು," ಎಂದಳು.

ಸೇನೆಗಳ ಸ್ನೇಹ ಎಂದರೆ ಒಬ್ಬರ ಹಡಗು ಇನ್ನೊಬ್ಬರ ಬಂದರಿಗೆ ಬಂದು ಬಾವುಟ ಹಾರಿಸಿ ಹೋಗುವುದು ಎಂದು ನಾನು ತಿಳಿದಿದ್ದೆ. ಈ ಜನ ಒಂದು ಇಡೀ ದಿನವನ್ನು ಆಕ್ಸಿಜನ್ ಸಿಲಿಂಡರಿನ ಮೂತಿಗೆ ಕೊಟ್ಟರು. ಒಂದು ದೇಶದ ಸಿಲಿಂಡರಿಗೆ ಇನ್ನೊಂದು ದೇಶದ ರೆಗ್ಯುಲೇಟರು ಕೂರುವುದಿಲ್ಲವಂತೆ. ವಿಮಾನದ ತುಂಬ ಸಿಲಿಂಡರು ಬಂದಿಳಿದರೂ ಮೂತಿ ಕೂರದಿದ್ದರೆ ರೋಗಿಗೆ ಅದು ಬರೀ ಕಬ್ಬಿಣ. ಹಾಗೆಯೇ ವಿಮಾನ ಇಳಿಯಲು ಯಾರ ಅನುಮತಿ, ಬಂದ ಸೈನಿಕ ಸಮವಸ್ತ್ರದಲ್ಲಿ ಎಷ್ಟು ದೂರ ಹೋಗಬಹುದು, ಅವನಿಗೇ ಜ್ವರ ಬಂದರೆ ಯಾವ ಆಸ್ಪತ್ರೆ. ಒಂದೊಂದನ್ನೂ ಎಲ್ಲರ ಮಾನ ಉಳಿಯುವ ಹಾಗೆ, ಯಾರಿಗೂ ಕೀಳೆನಿಸದ ಹಾಗೆ ಮಾತಾಡುತ್ತಿದ್ದರು. ನನಗೆ ನಗು ನಿಂತು ಗೌರವ ಹುಟ್ಟಿದ್ದು ಆ ದಿನಗಳಲ್ಲಿ.

ನನ್ನ ತಪ್ಪು ನನ್ನ ಕಣ್ಣಿಗೆ ಬಿದ್ದದ್ದೂ ಆಗಲೇ. ಘಾಟಿನ ಹತ್ತಿರದ ಆ ದುಂಡನ್ನು ನಾನು ಅಳಿಸುವುದನ್ನು ಮರೆತಿದ್ದೆ. ನಕ್ಷೆಯ ಮೂಲೆಯ ಗುರುತಿನ ಪಟ್ಟಿಯಲ್ಲಿ ಅದರ ವಿವರವೇ ಇಲ್ಲ. ಹತ್ತು ದೇಶದವರೂ ಅದನ್ನು ಹೆಲಿಕಾಪ್ಟರ್ ಇಳಿಯುವ ಜಾಗ ಎಂದು ಓದಿಕೊಂಡಿದ್ದರು. ಮೊದಲು ಅಲ್ಲಿ ಇಳಿಯುವವರು ಯಾರು ಎಂದು ಎರಡು ದೇಶದವರು ಮೂರು ದಿನ 'ದಯವಿಟ್ಟು ತಾವೇ ಮೊದಲು' ಎನ್ನುತ್ತ ಗುದ್ದಾಡಿದರು. ಹರಿಗೋಲಿನ ಮೇಲೆ ಹೆಲಿಕಾಪ್ಟರ್ ಇಳಿಯುವುದನ್ನು ನೆನೆದು ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಬಾಯಿ ಬಿಟ್ಟರೆ ಎಲ್ಲ ಹೊರಗೆ ಬೀಳುತ್ತದೆಂದು ಸುಮ್ಮನಿದ್ದೆ.

ಮೇ ತಿಂಗಳಲ್ಲಿ ಊರಿನಿಂದ ಬರುವ ಸುದ್ದಿ ಕೆಟ್ಟಿತು. ಆಚೆ ದಡದ ಪ್ರತಿ ಹಳ್ಳಿಯಲ್ಲೂ ಜ್ವರ. ಅಕ್ಕ ಮನೆ ಮನೆಗೆ ಹೋಗಿ ಬೆರಳಿಗೆ ಕ್ಲಿಪ್ಪು ಹಾಕಿ ಆಕ್ಸಿಜನ್ ನೋಡುತ್ತಿದ್ದಳು. ಒಂದು ದಿನ ಅವಳ ದನಿ ಒಡೆದಿತ್ತು. ಧೂಳು ಎಂದಳು. ಮೂರನೇ ದಿನ ಫೋನನ್ನೇ ಎತ್ತಲಿಲ್ಲ. ಆರನೇ ದಿನ ಬೆಳಿಗ್ಗೆ ಹನುಮಂತ ಮಾವ ಮಾಡಿದರು.

"ತಂಗಿ, ನಿಮ್ಮಕ್ಕನ ಕ್ಲಿಪ್ಪಿನ್ಯಾಗ ಎಂಬತ್ತೇಳ ತೋರ್ಸಾಕತ್ತೈತಿ. ದವಾಖಾನ್ಯಾಗ ಜಾಗ ಇಲ್ಲಂತ. ಒಂದ ಸಿಲಿಂಡ್ರ ಸಿಕ್ಕೈತಿ, ತರಾಕ ಈಚೆ ದಂಡಿಗೆ ಬಂದೀನಿ. ತಗೊಂಡ ಹೋಗಿ ಮನ್ಯಾಗ ಹಚ್ತೀನಿ."

ಹತ್ತು ಗಂಟೆಗೆ ಪೂರ್ವಾಭ್ಯಾಸ. ಪರದೆಯ ಮೇಲೆ ನಕ್ಷೆ ತೋರಿಸುವುದು ನನ್ನ ಕೆಲಸ. ಊರು ನಾಲ್ಕು ತೋರಿಸಿ ಎಂದರೆ ಬಾಣ ಘಾಟಿಗೇ ಹೋಗಿ ನಿಲ್ಲುತ್ತಿತ್ತು. ಕರ್ನಲ್ ಐದು ನಿಮಿಷದ ವಿರಾಮ ಘೋಷಿಸಿ ನನಗೆ ನೇರವಾಗಿ ಫೋನ್ ಮಾಡಿದರು.

"ಏನಾಗಿದೆ ಹೇಳು."

ಅಕ್ಕನ ಸಂಗತಿ ಹೇಳಿದೆ. ಎಷ್ಟನೇ ದಿನ, ಕೂರಲು ಆಗುತ್ತದೆಯೋ, ಮಾತಾಡುತ್ತಾಳೋ ಎಂದು ಒಂದೊಂದಾಗಿ ಕೇಳಿದರು. ಆಮೇಲೆ, "ಮನೆ ಎಲ್ಲಿ? ರಸ್ತೆಗೆ ಎಷ್ಟು ದೂರ? ನೀರು ದಾಟೋದು ಹೇಗೆ?" ಎಂದರು.

ಸುಳ್ಳು ಹೇಳಲು ಆಗ ನನ್ನಲ್ಲಿ ಶಕ್ತಿ ಇರಲಿಲ್ಲ. "ಕರ್ನಲ್, ಆ ಜಾಗ ನಿಮಗೆ ಗೊತ್ತು. ಮೂರು ತಿಂಗಳಿಂದ ನೋಡ್ತಿದ್ದೀರಿ. ಊರು ಒಂದರ ಪಡುವಣದ ಓಣಿ, ಪರ್ವತ ಇದೆಯಲ್ಲ, ಅದು ದಿನ್ನೆ, ಅದರ ಕೆಳಗಿನ ಮೂರನೇ ಮನೆ," ಎಂದೆ.

ಕಾಫಿ ಲೋಟ ಮೇಜಿನ ಮೇಲೆ ಇಟ್ಟದ್ದು ಕೇಳಿಸಿತು. ಬೈಯುತ್ತಾರೆ ಎಂದುಕೊಂಡೆ.

"ಹಾಗಾದ್ರೆ ಆ ದುಂಡು ಹೆಲಿಪ್ಯಾಡ್ ಅಲ್ಲ."

"ಅಲ್ಲ. ಬುಟ್ಟಿಯಂಥ ದೋಣಿ."

"ಎಷ್ಟು ಜನ ಕೂರ್ತಾರೆ?"

"ಎಂಟು. ಮುದುರಿ ಕೂತ್ರೆ ಹತ್ತು."

"ಸರಿ. ಇವತ್ತಿನ ಪೂರ್ವಾಭ್ಯಾಸ ನಾಳೆಗೆ. ನಿನ್ನ ಮಾವನನ್ನ ಇದೇ ಕರೆಗೆ ಸೇರಿಸು. ಬೈಯೋದು ಆಮೇಲೆ ಲಾ."

ಹೀಗೆ ಪುತ್ರಜಯಾದ ಕರ್ನಲ್ಲೂ ಕೃಷ್ಣೆಯ ದಂಡೆಯಲ್ಲಿ ಸಿಲಿಂಡರ್ ಹೊತ್ತು ನಿಂತ ಮಾವನೂ ಮಾತಿಗೆ ಬಂದರು, ನಡುವೆ ನಾನು ದುಭಾಷಿ. ಅವರ ಮೊದಲ ಪ್ರಶ್ನೆ, ರೆಗ್ಯುಲೇಟರ್ ಹಾಕಿ ನೋಡಿದ್ದೀರಾ? ಮಾವ ನೋಡಿರಲಿಲ್ಲ. ಎರಡನ್ನೂ ಬೇರೆ ಬೇರೆ ಕಡೆಯಿಂದ ತಂದಿದ್ದರು. ಅಲ್ಲೇ ನೆಲಕ್ಕಿಟ್ಟು ಕೂರಿಸಲು ಹೋದರೆ ಮೂತಿ ಕೂರಲೇ ಇಲ್ಲ. ಹಾಗೇ ಹೊತ್ತು ಹೊಳೆ ದಾಟಿದ್ದರೆ ಅಕ್ಕನ ತಲೆದೆಸೆಯಲ್ಲಿ ಒಂದು ಕಬ್ಬಿಣ ನಿಂತಿರುತ್ತಿತ್ತು. ಪೇಟೆಯಿಂದ ಸರಿಯಾದದ್ದನ್ನು ತರಿಸಲು ಮುಕ್ಕಾಲು ಗಂಟೆ ಹಿಡಿಯಿತು. ಒತ್ತಡ ತೋರಿಸುವ ಮುಳ್ಳು ಎಲ್ಲಿದೆ ಎಂದು ಕೇಳಿ, ಬಾಯಲ್ಲೇ ಲೆಕ್ಕ ಹಾಕಿ, ಇದು ಮೂರೂವರೆ ಗಂಟೆ ಬರುತ್ತದೆ ಎಂದರು ಕರ್ನಲ್.

"ಇದನ್ನ ದ್ವೀಪಕ್ಕೆ ಒಯ್ಯಬೇಡಿ. ಮುಗಿದ ಮೇಲೆ ಇನ್ನೊಂದು ತರೋಕೆ ಮತ್ತೆ ನೀರು ದಾಟಬೇಕು. ಅವಳನ್ನೇ ಈಚೆಗೆ ತನ್ನಿ. ಕೂತ್ಕೊಳ್ಳೋ ಶಕ್ತಿ ಇರೋವಾಗ್ಲೇ, ನೀರಿನ ಮೇಲೆ ಗಾಳಿ ಏಳೋಕೆ ಮೊದಲೇ. ದಂಡೆ ಮೇಲೆ ಏನಿದೆ?"

"ಶಾಲಿ ಐತಿ," ಎಂದರು ಮಾವ.

"ನಕ್ಷೆಯಲ್ಲಿ ಊರು ಆರು," ಎಂದೆ ನಾನು. ಅವರಿಗೆ ಅಷ್ಟು ಸಾಕಾಯಿತು.

ಅಕ್ಕ ಒಪ್ಪಬೇಕಲ್ಲ. ಮನೆಯಲ್ಲಿದ್ದ ಅಕ್ಕನ ಮಗಳು ಅವಳ ಕಿವಿಗೆ ಫೋನು ಹಿಡಿದಳು. ಒಂದೊಂದು ಪದಕ್ಕೂ ಉಸಿರು ಎಳೆದುಕೊಳ್ಳುತ್ತ, "ನಾ ಹೋದ್ರ ಇಲ್ಲಿ ಮಂದೀನ ಯಾರು ನೋಡ್ತಾರ? ಹನ್ನೊಂದ ಮಂದಿಗೆ ಜ್ವರ ಅದಾವು. ಪಟ್ಟಿ ನನ್ನ ಕಡೆ ಐತಿ," ಎಂದಳು.

ಕರ್ನಲ್ಲಿಗೆ ಹೇಳಿದೆ. ಅವರು ದನಿ ಏರಿಸಲಿಲ್ಲ. "ಅವಳ ಕೆಲಸದಲ್ಲಿ ಅವಳ ಮೇಲಿನ ಅಧಿಕಾರಿ ಯಾರು ಅಂತ ಕೇಳು. ಇವತ್ತು ನಾನು ಅಂತ ಹೇಳು. ಪಟ್ಟಿಯನ್ನ ಇನ್ನೊಬ್ಬಳ ಕೈಗೆ ಕೊಟ್ಟು, ಕ್ಲಿಪ್ಪು ಹೇಗೆ ಹಾಕೋದು ಅಂತ ತೋರಿಸಿ ಹೊರಡಲಿ. ಕೆಲಸ ಒಪ್ಪಿಸಿ ಹೋಗೋದು ಓಡಿಹೋಗೋದಲ್ಲ."

ಕನ್ನಡದಲ್ಲಿ ಹೇಳಿದೆ. ಅಕ್ಕ ಉಸಿರೆಳೆದುಕೊಂಡು, "ಯಾರಕಿ?" ಎಂದಳು.

"ಮಿಲಿಟ್ರಿ ಡಾಕ್ಟರ್. ಕರ್ನಲ್."

"ಹೆಣ್ಮಗಳ?"

"ಹೌದು."

"ಹಂಗಾರ ಹೋಗ್ತೀನಿ."

ಪಕ್ಕದ ಮನೆಯ ಲಕ್ಷ್ಮವ್ವನಿಗೆ ಪಟ್ಟಿ, ಕ್ಲಿಪ್ಪು, ಮಾತ್ರೆಯ ಡಬ್ಬಿ ಒಪ್ಪಿಸಿ ಅಕ್ಕ ಹರಿಗೋಲು ಹತ್ತಿದಳು. ಮುಂದೆ ಬಾಗಿ, ದಿಂಬನ್ನು ತಬ್ಬಿ ಕೂತುಕೋ ಎಂದಿದ್ದರು ಕರ್ನಲ್. ಹಾಗೇ ಕೂತು ದಾಟಿದಳಂತೆ. ಶಾಲೆಯ ಜಮಖಾನೆಯ ಮೇಲೆ ಬೋರಲು ಮಲಗಿಸಿ ಆಕ್ಸಿಜನ್ ಹಚ್ಚಿದರು. ರೆಗ್ಯುಲೇಟರ್ ಜೊತೆಗೆ ಪೇಟೆಯಿಂದ ತರಿಸಿದ್ದ ಇನ್ನೊಂದು ಕ್ಲಿಪ್ಪಿನಲ್ಲಿ, ಒಂದು ಗಂಟೆಯೊಳಗೆ ತೊಂಬತ್ತೊಂದು ಬಂತು. ಸಿಲಿಂಡರ್ ಮುಗಿಯುವ ಮೊದಲು ಎರಡನೆಯದು ಬಂತು, ಯಾಕೆಂದರೆ ನಡುವೆ ಹೊಳೆ ಇರಲಿಲ್ಲ. ಮರುದಿನ ಜಿಲ್ಲಾ ಕೇಂದ್ರದಲ್ಲಿ ಒಂದು ಹಾಸಿಗೆ ಖಾಲಿಯಾಯಿತು ಎಂದಾಗ ವಾಹನ ಶಾಲೆಯ ಬಾಗಿಲಿಗೇ ಬಂದು ನಿಂತಿತು.

ಅಕ್ಕ ಹೊಳೆ ದಾಟಿದ ದಿನ ಸಂಜೆ ನಮ್ಮ ಫ್ಲಾಟಿನ ಕಾವಲುಗಾರ ಒಂದು ಪೊಟ್ಟಣ ತಂದುಕೊಟ್ಟ. ಹತ್ತಿರದ ಮಾಮಕ್ ಅಂಗಡಿಯಿಂದ, ಅಂದರೆ ತಮಿಳು ಮುಸ್ಲಿಮರ ಹೋಟೆಲಿನಿಂದ, ಕರ್ನಲ್ ತಪಾವ್ ಮಾಡಿಸಿ, ಅಂದರೆ ಕಟ್ಟಿಸಿ, ಕಳಿಸಿದ್ದು, ಪರೋಟದಂಥ ಎರಡು ರೋಟಿ ಚನಾಯ್, ಪ್ರೀತಿಗೆ ಕುಡಿಯಲು ಒಂದು ಮಿಲೋ. ಬೆಳಿಗ್ಗೆಯಿಂದ ನಾವಿಬ್ಬರೂ ಏನೂ ತಿಂದಿರಲಿಲ್ಲ ಎಂಬುದು ಅವರಿಗೆ ಹೇಗೆ ಹೊಳೆಯಿತೋ ಕಾಣೆ. ತಿನ್ನುತ್ತಾ ತಿನ್ನುತ್ತಾ ಅತ್ತೆ. ಪ್ರೀತಿ ತನ್ನ ಮಿಲೋವನ್ನು ನನ್ನ ಮುಂದೆ ಸರಿಸಿದಳು.

ಎರಡು ದಿನ ಬಿಟ್ಟು ಕರ್ನಲ್ ಫೋನ್ ಮಾಡಿದರು. ಮೊದಲು ಅಕ್ಕನ ಅಂಕಿ ಕೇಳಿದರು. ತೊಂಬತ್ತು, ಎಂಬತ್ತೊಂಬತ್ತು, ಮತ್ತೆ ತೊಂಬತ್ತು. ಇನ್ನೂ ದಡ ಸೇರಿರಲಿಲ್ಲ.

"ಈಗ ನಿನ್ನ ವಿಚಾರ. ಇದನ್ನ ನಾನು ಮುಚ್ಚಿಡೋ ಹಾಗಿಲ್ಲ. ಹತ್ತು ದೇಶ ಒಂದು ಮಾತು ನಂಬಿ ಸುಮ್ಮನಾಗಿದ್ವು. ಆ ಮಾತು ನಿಜ ಅಲ್ಲ ಅಂತ ಗೊತ್ತಾದ ಮೇಲೂ ನಾನು ಸುಮ್ನಿದ್ರೆ, ಇನ್ನು ಮುಂದೆ ಯಾರ ಮೌನಕ್ಕೂ ಬೆಲೆ ಇರಲ್ಲ ಲಾ."

"ಗೊತ್ತು, ಕರ್ನಲ್."

"ಕರ್ನಲ್ ಸಾಕು. ನನ್ನ ಕಾಕ್ ಅನ್ನು." ಮಲಯ್ ಹೆಂಗಸರು ಅಕ್ಕ ಎನ್ನುವುದಕ್ಕೆ ಆಡುವ ಮಾತು ಅದು.

ನಾವಿಬ್ಬರೂ ಸೇರಿ ಪತ್ರ ಬರೆದೆವು. ನಕ್ಷೆ ನನ್ನ ಹುಟ್ಟೂರಿನ ನಡುಗಡ್ಡೆಯದು, ದುಂಡು ಹೆಲಿಪ್ಯಾಡ್ ಅಲ್ಲ, ದೋಣಿ, ತಪ್ಪು ನನ್ನದು. ಗೊತ್ತಾದದ್ದು ಹೇಗೆಂದು ಅಕ್ಕನ ವಿಷಯವನ್ನು ಕಾಕ್ ತಾವೇ ಎರಡು ಸಾಲಿನಲ್ಲಿ ಬರೆದರು. ತಿದ್ದಿದ ಗುರುತಿನ ಪಟ್ಟಿಯೊಂದಿಗೆ ಇದೇ ನಕ್ಷೆಯನ್ನು ಉಳಿಸಿಕೊಳ್ಳಬಹುದೇ? ಗುರುವಾರ ಸಂಜೆ ಐದರವರೆಗೆ ಗಡುವು. ಒಬ್ಬರು ಆಕ್ಷೇಪ ಎತ್ತಿದರೂ ನಾಲ್ಕು ತಿಂಗಳ ಕೆಲಸ ನೀರಿಗೆ, ಜೊತೆಗೆ ನನ್ನ ನೌಕರಿ. ನೌಕರಿ ಹೋದರೆ ವೀಸಾ ಇಲ್ಲ. ಆದರೆ ನಿಜ ಹೇಳುತ್ತೇನೆ, ಆ ದಿನಗಳಲ್ಲಿ ನನ್ನ ಜೀವವೆಲ್ಲ ಜಿಲ್ಲಾ ಆಸ್ಪತ್ರೆಯ ಆ ಎರಡಂಕಿಯಲ್ಲೇ ಇತ್ತು.

ಗುರುವಾರ ನಾಲ್ಕೂ ಇಪ್ಪತ್ತಕ್ಕೆ ಒಂದು ಮಿಂಚಂಚೆ ಬಂತು. ಒಂದು ದೇಶದ ನೌಕಾಪಡೆಯ ವೈದ್ಯರು ಬರೆದಿದ್ದರು. ಹರಿಗೋಲಿನ ಘಾಟಿನಲ್ಲಿ ಹೆಲಿಕಾಪ್ಟರ್ ಇಳಿಸಲು ಮೂರು ದಿನ ಗುದ್ದಾಡಿದ ಇಬ್ಬರಲ್ಲಿ ಒಬ್ಬರು. ತೆರೆಯಲು ಧೈರ್ಯವಾಗದೆ ಕಾಕ್ ಹಲೀಮಾಗೆ ಫೋನ್ ಮಾಡಿದೆ. ನೀನೇ ಓದು ಎಂದರು.

ಇದ್ದದ್ದು ಒಂದೇ ಸಾಲು. ದಯವಿಟ್ಟು ತಿಳಿಸಿ, ಊರು ಒಂದರ ಆ ಆರೋಗ್ಯ ಕಾರ್ಯಕರ್ತೆ ಈಗ ಹೇಗಿದ್ದಾರೆ?

"ಇದು ಆಕ್ಷೇಪವಾ, ಕಾಕ್?"

"ಅಲ್ಲ ಲಾ. ಪ್ರಶ್ನೆ. ಉತ್ತರ ಬರಿ. ಹತ್ತು ಜನಕ್ಕೂ ಹೋಗ್ಲಿ."

ಬರೆದೆ. ಆಸ್ಪತ್ರೆಯಲ್ಲಿದ್ದಾರೆ, ಇವತ್ತು ಬೆಳಿಗ್ಗೆ ತೊಂಬತ್ತೆರಡು, ಇನ್ನೂ ಆಕ್ಸಿಜನ್ ಹಚ್ಚಿದ್ದಾರೆ, ಲಕ್ಷ್ಮವ್ವ ಪಟ್ಟಿ ಸರಿಯಾಗಿ ನೋಡುತ್ತಿದ್ದಾಳೋ ಇಲ್ಲವೋ ಎಂದು ವಿಚಾರಿಸುತ್ತಿದ್ದಾರೆ. ಕಳಿಸಿ ಕೂತೆ. ನಾಲ್ಕೂವರೆ ಆಯಿತು, ನಾಲ್ಕೂ ಐವತ್ತಾಯಿತು. ಐದು ಹೊಡೆಯಿತು. ಯಾರೂ ಏನೂ ಬರೆಯಲಿಲ್ಲ.

ಗಡಿಯ ಜಗಳವನ್ನು ಕಟ್ಟಿಕೊಂಡೇ ಕೂತ ಹತ್ತು ದೇಶಗಳವು. ನಾಲ್ಕು ಬಂಡೆಗೂ ಕಣ್ಣಲ್ಲಿ ಕಣ್ಣಿಟ್ಟು ಕಾಯುವ ಜನ. ಅಂಥವರು ತಮಗೆ ಗುರುತಿಲ್ಲದ ಒಬ್ಬ ಹೆಣ್ಣುಮಗಳಿಗಾಗಿ ಸುಮ್ಮನಿದ್ದರು. ಒಕ್ಕೂಟ ಎಂದರೆ ಬರೀ ಮಾತು, ಬರೀ ಊಟ, ಬರೀ ಫೋಟೋ ಎಂದು ಯಾರಾದರೂ ಅಂದರೆ ಇವತ್ತಿಗೂ ನನಗೆ ಸಿಟ್ಟು ಬರುತ್ತದೆ. ಅವರ ಋಣ ನನ್ನ ಮೇಲಿದೆ.

ಅಕ್ಕ ಹತ್ತೊಂಬತ್ತು ದಿನಕ್ಕೆ ಮನೆಗೆ ಹೋದಳು. ಹರಿಗೋಲಿನಲ್ಲೇ ಹೋದಳು, ಈ ಸಲ ನೆಟ್ಟಗೆ ಕೂತು. ಲಕ್ಷ್ಮವ್ವ ಇಟ್ಟ ಪಟ್ಟಿಯಲ್ಲಿ ಎರಡು ತಪ್ಪು ಹುಡುಕಿದಳಂತೆ. ಅದು ಕೇಳಿದಾಗ ನನಗೆ ಅವಳು ಪೂರ್ತಿ ಗುಣವಾದಳು ಎಂಬ ನಂಬಿಕೆ ಬಂತು. ಕಾಕ್ ಹಲೀಮಾ ನನ್ನನ್ನು ಬೈಯುವುದನ್ನು ಮರೆಯಲಿಲ್ಲ. ರಸ್ತೆಗಳು ತೆರೆದ ಮೇಲೆ, ಅವರ ಮನೆಯಲ್ಲಿ, ಹೊಟ್ಟೆ ತುಂಬ ಬಡಿಸಿ, ಅರ್ಧ ಗಂಟೆ ಬೈದರು.

ಕಳೆದ ತಿಂಗಳು ಆ ಮಹಡಿಯಲ್ಲಿ ಬಿಸಿಯಾಗಿ ಹೊರಬಂದ ಹಾಳೆ ಅದೇ ನಕ್ಷೆ. ಇನ್ನೂ ಅದರ ಮೇಲೆಯೇ ಕಲಿಸುತ್ತಾರೆ. ಗೋಡೆಗೆ ಅಂಟಿಸಿ, ಯಾವ ದೇಶದವಳೋ ಒಬ್ಬ ಕ್ಯಾಪ್ಟನ್, ತನ್ನ ಗುಂಪಿಗೆ ವಿವರಿಸುತ್ತಿದ್ದಳು. ಸೇತುವೆ ಇಲ್ಲ ಎಂದುಕೊಳ್ಳಿ. ಈ ದುಂಡು, ದೋಣಿ ದಾಟುವ ಜಾಗ. ರೋಗಿಗೆ ಕೂರುವ ಶಕ್ತಿ ಇರುವಾಗಲೇ, ಗಾಳಿ ಏಳುವ ಮೊದಲೇ ದಾಟಿಸಬೇಕು. ಸಿಲಿಂಡರನ್ನು ದಂಡೆಯಲ್ಲೇ ಹಾಕಿ ನೋಡಬೇಕು. ಇದು ಪುಸ್ತಕದ್ದಲ್ಲ, ಯಾರೋ ಮಾಡಿ ನೋಡಿದ್ದು ಎಂದಳು. ಆ ಯಾರೋ ನನ್ನ ಅಕ್ಕ ಎಂದು ಹೇಳಬೇಕೆನಿಸಿತು.

ಅವರೆಲ್ಲ ಕಾಫಿಗೆ ಹೋದ ಮೇಲೆ ನಕ್ಷೆಯ ಮುಂದೆಯೇ ನಿಂತು ಅಕ್ಕನಿಗೆ ಫೋನು ಹಚ್ಚಿದೆ. ಬಹಳ ಹೊತ್ತು ಬಡಿದುಕೊಂಡ ಮೇಲೆ ಎತ್ತಿದಳು. ಹಿಂದೆ ನೀರಿನ ಸದ್ದು, ಯಾರೋ ಹೆಂಗಸು ನರಳುವ ಸದ್ದು.

"ಅಕ್ಕಾ, ನಾ ಎಲ್ಲಿ ಅದೀನಿ ಗೊತ್ತೇನು?"

"ಎಲ್ಲರ ಇರು. ಆಮ್ಯಾಲ ಮಾಡು. ನೀರ ಏರಾಕತ್ತೈತಿ, ಹೆರಿಗಿ ಬ್ಯಾನಿ ಬಂದಾಕೀನ ಕರ್ಕೊಂಡ ಹರಗೋಲದಾಗ ಕುಂತೀನಿ," ಎಂದು ಇಟ್ಟುಬಿಟ್ಟಳು.

ಹಾಳೆಯ ಶಾಯಿ ಇನ್ನೂ ಆರಿರಲಿಲ್ಲ. ಘಾಟಿನ ಆ ದುಂಡಿನ ಮೇಲೆ ಮೆಲ್ಲಗೆ ಬೆರಳಿಟ್ಟೆ. ಅಕ್ಕ ಅಲ್ಲೇ ಇದ್ದಳು.